ಇಳೀದ ಶೇಂಗಾ ಬೀಜ

ಕೆಮ್ಮು ನಿಂತ್ಹೋತು ನೋಡ್ರಿ, ಆವಾಗ್ಲೇ ನಂಗೆ ಹೆದ್ರಿಕೆ ಆಗಿದ್ದು. ಕೆಮ್ಮೋವಾಗ ಆಗಿರ್ಲಿಲ್ಲ. ನಿಮ್ಮ ದೊಡ್ಡಮ್ಮ ರಂಗಮ್ಮಂಗೆ ಆವಾಗ ಎರಡು ವರ್ಷ, ಇಲ್ಲ, ಎರಡೂ ತುಂಬಿರ್ಲಿಲ್ಲ. ನಾನೂ ನಮ್ಮತ್ತೆನೂ ಅಂಗಳದಾಗೆ ಕುಂತು ಬಳ್ಳಿಯಿಂದ ಶೇಂಗಾ ಬಿಡಿಸ್ತಿದ್ವಿ. ಇವ್ಳು ಬಾಯ್ತುಂಬ ಬೀಜ ತುಂಬ್ಕಂಡು ನಗ್ತಾ ಓಡಿ ಮುಗ್ಗರ್ಸಿ ಬಿದ್ಲು. ಬಿದ್ದೋಳೇ ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ತು. ಅತ್ತೆ ಎತ್ಕಂಡು ಬೆನ್ನಿಗೆ ಗುದ್ದಿದ್ರು. ಒಂದೆರಡು ಬೀಜ ಉಗುಳಿದ್ಲು, ಕೆಮ್ಮೂ ನಿಂತ್ಹೋತು. "ಇಳೀತು ಬಿಡೇ, ಕೆಲ್ಸ ನೋಡು" ಅಂದ್ರು.

ಇಳ್ದಿರ್ಲಿಲ್ಲ ಕಣ್ರಪ್ಪ. ಮಾರ್ನೇ ದಿನ ಮೈ ಕಾಯ್ತು, ಉಸ್ರು ಸೀಟಿ ಹೊಡ್ದಂಗೆ ಸುಯ್ ಸುಯ್ ಅಂತಿತ್ತು. ಎದೆಗೆ ಕಿವಿ ಇಟ್ರೆ ಒಂದ್ ಮಗ್ಗುಲು ಸದ್ದೇ ಇಲ್ಲ. ನಿಮ್ಮಜ್ಜ ಕುರಿ ಹೊಡ್ಕಂಡು ದೂರ ಹೋಗಿದ್ರು, ಹೇಳಿ ಕಳ್ಸಕೆ ಎಲ್ಲಿದಾರೆ ಅಂತ್ಲೇ ಗೊತ್ತಿಲ್ಲ. "ಶೀತ ಆಗೈತೆ, ದಾರ ಕಟ್ಸಾಣ, ನನ್ ಮಗ ಬರ್ಲಿ" ಅಂದ್ರು ಅತ್ತೆ. ಕೆಟ್ಟೋರಲ್ಲ ಪಾಪ, ಹಂಗಂತ ತಿಳ್ಕಬೇಡ್ರಿ. ಅವ್ರ ಇನ್ನೊಬ್ಬ ಮಗ ಆಸ್ಪತ್ರೆಗೆ ಹೋದೋನು ಹೆಣವಾಗಿ ಬಂದಿದ್ದ. ಅಲ್ಲಿಗೆ ಹೋದ್ರೆ ವಾಪಸ್ ಬರಲ್ಲ ಅಂಬೋದು ಅವ್ರ ಮನಸ್ನಾಗೆ ಕುಂತ್ಬಿಟ್ಟಿತ್ತು.

"ಅತ್ತೆ, ನಾನು ಹೊಸದುರ್ಗಕ್ಕೆ ಹೊಂಟೆ" ಅಂದೆ.

"ನನ್ ಮಗನ್ನ ಒಂದ್ ಮಾತು ಕೇಳ್ದೇನೇ?"

"ಅವ್ರು ಬರೋಗಂಟ ಇದು ಇರ್ಬೇಕಲ್ಲ ಅತ್ತೆ?"

ಸೆರಗ್ನಾಗೆ ಕೂಸು ಸುತ್ಕಂಡು ರಸ್ತೆಗೆ ಬಂದು ನಿಂತೆ. ಆವಾಗೆಲ್ಲ ಬಸ್ಸು ಅಂದ್ರೆ ಬಂದಾಗ ಬಂತು, ಗೊತ್ತಲ್ಲ. ಬಸ್ಸು ಬಂತು, ಹತ್ತಿದೆ, ಹಿಂದಿಂದ "ನಿಲ್ಸಪ್ಪೋ, ನಿಲ್ಸು" ಅಂತ ಕೂಗು. ತಿರುಗಿ ನೋಡಿದ್ರೆ ನಮ್ಮತ್ತೆ, ಬರಿಗಾಲಾಗೆ ಓಡಿ ಬರ್ತವ್ರೆ! ಹತ್ತಿ ಪಕ್ಕದಾಗೆ ಕುಂತ್ರು.

ಹೊಸದುರ್ಗದ ಡಾಕ್ಟ್ರು ಎದೆ ನೋಡಿ "ಏನಾದ್ರೂ ನುಂಗಿತ್ತೇನಮ್ಮ?" ಅಂದ್ರು. ನಾನು ಬಾಯಿ ಬಿಡೋದ್ರೊಳ್ಗೆ ಅತ್ತೇನೇ ಅಂದ್ರು, "ಶೇಂಗಾ ಬೀಜ ಸ್ವಾಮಿ. ಇಳೀತು ಅಂದ್ಕಂಡೆ. ಇಳ್ದಿಲ್ಲ."

"ಉಸಿರಿನ ಕೊಳವೆಗೆ ಹೋಗಿದೆ. ತೆಗೆಯೋ ಸಾಧನ ಇಲ್ಲಿಲ್ಲ. ಈಗ್ಲೇ ದಾವಣಗೆರೆಗೆ ಹೋಗ್ರಿ. ಊರಿಗೆ ಹೋಗಿ ಬಟ್ಟೆ ತರ್ತೀವಿ ಅನ್ಬೇಡ್ರಿ" ಅಂದ್ರು ಡಾಕ್ಟ್ರು.

ಹೊಳಲ್ಕೆರೆಯಾಗೆ ಬಸ್ಸು ಬದ್ಲಾಯಿಸ್ಬೇಕು. ಇಳ್ದು ನೋಡಿದ್ರೆ ಕೂಸಿನ ತುಟಿ ನೇರಳೆ ಹಣ್ಣಿನ ಬಣ್ಣ. ಬಸ್ಸಿನ ಸುಳಿವಿಲ್ಲ. ನಮ್ಮತ್ತೆ, ಗಂಡಸ್ರ ಎದ್ರಿಗೆ ತಲೆ ಎತ್ತದೋರು, ರಸ್ತೆ ಮಧ್ಯ ಕೈ ಅಡ್ಡ ಇಟ್ಟು ಒಂದು ಲಾರಿ ನಿಲ್ಲಿಸ್ಬಿಟ್ರು. "ಏನವ್ವ, ಸಾಯ್ಬೇಕಂತೀಯ?" ಅಂತ ಬೈದ ಡ್ರೈವರಪ್ಪ, ಕೂಸಿನ ಮುಖ ನೋಡಿ "ಹತ್ರಿ, ಹತ್ರಿ" ಅಂದ.

ದಾವಣಗೆರೆ ಆಸ್ಪತ್ರೆಯಾಗೆ ಗಂಟ್ಲಾಗೆ ಕೊಳವೆ ಇಳ್ಸಿ ತೆಗ್ದ್ರು. ಬೀಜ ಒಳಗೇ ನೆಂದು ಉಬ್ಕಂಡಿತ್ತಂತೆ. ಬದುಕಿದ್ಲು. ಆದ್ರೂ ಆ ಮಗ್ಗುಲು ಸರಿಯಾಗ್ಲಿಲ್ಲ. ಚಳಿಗಾಲ ಬಂದ್ರೆ ಈಗ್ಲೂ ಏದುಸ್ರು ಬಿಡ್ತಾಳೆ, ನೀವೇ ನೋಡೀರಲ್ಲ. ನಾವು ಊರಿಗೆ ಬರೋ ಹೊತ್ಗೆ ನಂಗೆ ಅಳಕ್ಕೂ ತ್ರಾಣ ಇರ್ಲಿಲ್ಲ.

ನಿಮ್ಮಜ್ಜ ಬಂದೋರೇ "ನನ್ ಕೇಳ್ದೆ ಹೋದ್ಯಾ?" ಅಂತ ನನ್ ಮೇಲೆ ಬಂದ್ರು. ಅತ್ತೆ ಒಲೆ ಮುಂದಿಂದ ಏಳ್ಲೂ ಇಲ್ಲ. "ಲೇ, ಕರ್ಕಂಡೋಗಿದ್ದು ನಾನು. ಏನ್ ಕೇಳ್ತೀಯೋ ನನ್ನ ಕೇಳು" ಅಂದ್ರು. ಆವಾಗಿಂದ ಆ ಮಾತು ಆ ಮನೆಯಾಗೆ ಯಾರೂ ಎತ್ಲಿಲ್ಲ.

ಅದ್ಕೇ ಹೇಳೋದು, ಕೂಸಿನ ಉಸ್ರು ಬದ್ಲಾದ್ರೆ ಯಾರ್ನೂ ಕಾಯ್ಬೇಡ್ರಿ, ಹೊಂಟ್ಬಿಡ್ರಿ. ಬೈಸ್ಕಳಾದು ಬಂದ್ಮೇಲೂ ಬೈಸ್ಕಬೋದು.