ಮೂವತ್ತೆರಡು ತಲೆಯ ಟೂರು

ಟೂರಿಗೆ ಹೋದ ಮೂವತ್ತೆರಡು ಜನವೂ ವಾಪಸ್ ಬಂದರು. ಊರೆಲ್ಲ ಹಾಗೇ ನಂಬಿತ್ತು. ಬಸ್ಸಿನಲ್ಲಿ ಎರಡು ಸಲ ತಲೆ ಎಣಿಸಿದ್ದರು.

2004ರ ಮಾತು. ರೊದ್ದಂ ಹತ್ತಿರದ ನೇಕಾರರ ಊರು. ಉಡುಪಿಯ ಗುಡಿ, ದ್ವೀಪದ ಬಂಡೆ, ಕೊನೆಗೆ ದೀಪಸ್ತಂಭದ ಬೀಚು... ಮೂರು ದಿನದಲ್ಲಿ ಕರಾವಳಿಯನ್ನೇ ನೋಡಿ ಮುಗಿಸುವ ಉತ್ಸಾಹ. ಬೀಚಿನಿಂದ ವಾಪಸ್ ಹೊರಡುವಾಗ ಕತ್ತಲಾಗಿತ್ತು. ಚಿಪ್ಪು ಆಯಲು ಹೋಗಿದ್ದ ಸೀತಾರಾಮಪ್ಪನ ಹೆಂಡತಿ ಎರ್ರಮ್ಮ ಮಾತ್ರ ಕಾಣಲಿಲ್ಲ. ಗಂಡ ಹೆಸರು ಹಿಡಿದರೆ ಹೆಂಡತಿಗೆ ಆಯಸ್ಸು ಕಮ್ಮಿ ಎಂದು ಅವರ ಮನೆಯ ನಂಬಿಕೆ. ಹದಿನೆಂಟು ವರ್ಷದಲ್ಲಿ ಸೀತಾರಾಮಪ್ಪ ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಸಮುದ್ರದ ಕಡೆ ತಿರುಗಿ ಕೂಗಿದ.

"ಏಯ್... ಬಾರೇ!"

ಬಂದಳು. ತಲೆತುಂಬ ಸೆರಗು, ಒದ್ದೆ ಸೀರೆ. ಹಿಂದಿನ ಸೀಟಿನಲ್ಲಿ ಮುದುರಿ ಮಲಗಿದಳು.

"ಅಂದರೂ ವಚ್ಚಿನಾರಾ? ಎಲ್ಲಾ ಬಂದ್ರಾ?" ಟೂರು ಹೊರಡಿಸಿದ ನಾರಪ್ಪ ಎಣಿಸುತ್ತ ಬಂದ.

"ನಮ್ಮೋಳೂ ಬಂದವ್ಳೆ ಕಣಪ್ಪ," ಅಂದ ಸೀತಾರಾಮಪ್ಪ.

"ಸಮುದ್ರಾನ ಸೆರಗ್ನಾಗೆ ಕಟ್ಕಂಡ್ ಬಂದ್ಲೇನೋ!" ಯಾರೋ ಛೇಡಿಸಿದರು.

ಬಸ್ಸು ನಕ್ಕಿತು. ಮೂವತ್ತೆರಡು. ಸರಿ.

ಬೆಳಗಿನ ಜಾವ ನಾಲ್ಕಕ್ಕೆ ಇಳಿದರು. ಸೀತಾರಾಮಪ್ಪನ ಮನೆ ಊರಾಚೆ, ಆಲದ ಮರ ದಾಟಿ. ಅವನು ಮುಂದೆ, ಅವಳು ಹಿಂದೆ. ಪಚಕ್... ಪಚಕ್... ಒಣ ಮಣ್ಣಿನ ಮೇಲೆ ಒದ್ದೆ ಹೆಜ್ಜೆ. ಒಂಬತ್ತು ತಾಸಿನ ಮೇಲೂ.

"ಸೀರೆ ಇನ್ನೂ ಆರಿಲ್ವೇನೇ?"

"ಊಂ."

ಆಲದ ಬುಡದ ಬಾವಿಯ ಹತ್ತಿರ ಸಪ್ಪಳ ನಿಂತಿತು. ಕಟ್ಟೆಗೆ ಬಾಗಿ ಅವಳು ಪಿಸುಗುಟ್ಟಿದಳು.

"ಇದ್ರಾಗೆ... ನೀರಿಲ್ವಾ?"

ಅವನು ತಿರುಗಿ ನೋಡಿದ. ಆ ಬಾವಿಯಲ್ಲಿ ಹತ್ತಾರು ವರ್ಷ ನೀರು ಸೇದಿದವಳು ಎರ್ರಮ್ಮ. ಅದು ಬತ್ತಿದ್ದನ್ನು ಕಂಡವಳು. ಹೆಸರು ಹಿಡಿದು ಕೇಳಿಬಿಡಲೇ? ಇವಳು ಅವಳೇ ಆಗಿದ್ದರೆ... ಅವಳ ಆಯಸ್ಸು? ಕೊನೆಗೆ ಕರೆದ.

"ಎರ್ರಮ್ಮಾ...?"

ಸೆರಗಿನೊಳಗಿಂದ:

"ಅದ್ಯಾರು?"

ಓಡಿದ. ಅಗುಳಿ ಹಾಕಿಕೊಂಡ. ಬಾಗಿಲಾಚೆ ತಟ್... ತಟ್... ಹನಿ ಬೀಳುವ ಸದ್ದು. ಬೆಳಕು ಹರಿಯುವವರೆಗೂ.

ಬಾಗಿಲು ತೆಗೆದಾಗ ಯಾರೂ ಇರಲಿಲ್ಲ. ಊರು ಸೇರಿತು.

"ನಿನ್ ಹಿಂದೇನೇ ಬತ್ತಿದ್ಲಲ್ಲೋ! ಕಣ್ಣಾರೆ ನೋಡಿದೀನಿ," ಅಂದಳು ಬಸ್ಸಿನಲ್ಲಿ ಜೊತೆಗಿದ್ದ ಪ್ರಮೀಳಾ.

"ನಾನೇ ಎಣಿಸಿದ್ದು ಕಣ್ಲಾ," ನಾರಪ್ಪ ಅವನ ಕೊರಳಪಟ್ಟಿ ಹಿಡಿದ. "ದಾರೀಲಿ ಏನ್ಮಾಡ್ದೆ ಅವಳ್ನ? ನಿಜ ಹೇಳು."

ನಿಜ ಹೇಳಿದ. ಯಾರೂ ನಂಬಲಿಲ್ಲ, ನಂಬದಿದ್ದದ್ದು ಸರಿಯೇ. ಬಾವಿಗೆ ಹಗ್ಗ ಇಳಿಸಿ ಹುಡುಕಿದರು. ತಳದಲ್ಲಿ ಒಣ ಎಲೆ. ಪೊಲೀಸರಿಗೆ ಹೇಳಿಕಳಿಸೋಣ ಎನ್ನುವಷ್ಟರಲ್ಲಿ ನಾರಪ್ಪನ ಮನೆಯ ಫೋನು ಹೊಡೆದುಕೊಂಡಿತು. ಟೂರಿಗೆ ಹೋದವರಿಗೆಲ್ಲ ಕೊಟ್ಟಿದ್ದ ಚೀಟಿಯಲ್ಲಿದ್ದ ನಂಬರದು. ಇದು ನಡೆದದ್ದು, ಫೋನು ಎತ್ತಿದ ನಾರಪ್ಪ ಇನ್ನೂ ಇದ್ದಾನೆ, ಹೋಗಿ ಕೇಳಬಹುದು.

ಬಸ್ಸು ತಪ್ಪಿಸಿಕೊಂಡ ಎರ್ರಮ್ಮ, ನಿನ್ನೆ ರಾತ್ರಿ ಎಂಟರಿಂದ, ಕರಾವಳಿಯ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು.