ಮೂರು ನೀಲಿ ಗುಂಡಿ

ಐದು ವರ್ಷ ಕಣೇ, ವಿನೀ! ಐದು ವರ್ಷ, ಹಳೇ ಬಾಡಿಗೆ, ಹೊಸ ಮಾರ್ಕೆಟ್ಟಿನ ಬಾಗಿಲ ಮೂಲೆ! ಒಂದು ಪೆನ್ನಿ ಜಾಸ್ತಿ ಇಲ್ಲ. ನಗರಸಭೆ ಕಾಗದ ಓದಿ ಹೇಳಲಾ? ಕನ್ನಡಕ ಎಲ್ಲಿ ಹೋಯ್ತು... ಹಾಂ, ತಲೆ ಮೇಲೇ ಇದೆ. ‘ಎಲಿಸ್ ಬಾರ್ಲೋ, ಪಾತ್ರೆ ಹಾಗೂ ಮನೆಬಳಕೆಯ ಸಾಮಾನು, ಅಂಗಡಿ ನಂಬರ್ ಒಂದು.’ ನಂಬರ್ ಒಂದು! ಈ ಹಳೇ ಮಾರ್ಕೆಟ್ಟಲ್ಲಿ ನಲವತ್ತು ಜನ ಇದ್ದೀವಿ, ಅಲ್ಲಿ ಜಾಗ ಇರೋದು ಹದಿನೆಂಟೇ ಜನಕ್ಕೆ. ಅದರಲ್ಲೂ ಬಾಗಿಲ ಮೂಲೆ. ಬಸ್ಸಿಂದ ಇಳಿದ ಗಿರಾಕಿ ನನ್ನ ಬಾಣಲೆ ಮುಖ ನೋಡದೆ ಒಳಗೆ ಕಾಲಿಡೋ ಹಾಗೇ ಇಲ್ಲ.

ಏನೂ ಅನ್ನಲ್ವಾ? ‘ಒಳ್ಳೇದಾಯ್ತು ಬಿಡು’ ಅಂತಲಾದರೂ?

ಸರಿ ಸರಿ, ಎಣಿಸು. ಉಣ್ಣೆ ಉಂಡೆ ಎಣಿಸೋವಾಗ ನಿನ್ನ ಮಾತಾಡಿಸಬಾರದು. ಗೊತ್ತು. ಹನ್ನೊಂದು ವರ್ಷ ಅಕ್ಕಪಕ್ಕ ಕೂತು ಅಷ್ಟೂ ಗೊತ್ತಾಗಲ್ವಾ.

ಹತ್ತೂವರೆ ದಾಟಿತು ಅನ್ಸುತ್ತೆ. ಇವತ್ತು ನಿನ್ನ ಕೈ ಟೀ... ಅಲ್ಲ, ಅವಸರ ಏನಿಲ್ಲ. ಸುಮ್ನೆ ಕೇಳಿದೆ.

ಹೇಗೆ ಸಿಕ್ಕಿತು ಅಂತ ಕೇಳು. ಕೇಳಲ್ವಾ? ನಾನೇ ಹೇಳ್ತೀನಿ. ನಗರಸಭೆಯವರಿಗೆ ಹಳೇ ವ್ಯಾಪಾರಿ ಅಂದ್ರೆ ಏನೋ ಒಂದು ಮರ್ಯಾದೆ ಇದ್ದೇ ಇರುತ್ತೆ. ಮೂವತ್ತೊಂದು ವರ್ಷ! ಒಂದು ಶನಿವಾರ ಶಟರ್ ಮುಚ್ಚಿದವನಲ್ಲ. ನನ್ನಾಕೆ ಎನಿಡ್ ತೀರಿಕೊಂಡ ವಾರ ಒಂದು ಬಿಟ್ಟು. ಅದನ್ನ ಯಾರೋ ಗಮನಿಸಿರಬೇಕು. ಅಷ್ಟೇ. ಅದೃಷ್ಟ ಅಂದ್ಕೋ.

ಅದಿರಲಿ. ಗುರುವಾರ ನಮ್ಮ ಮಂತ್ರಿ ಮಹಾಶಯ, ಆ ಪೈ ಮಾರೋ ಡೆನ್ಜಿಲ್ ಅಂಗಡೀಲಿ ಮಾಡಿದ್ದು ನೋಡಿದ್ಯಾ? ನೀನು ಆಗ ಆ ದಪ್ಪ ಹೆಂಗಸಿಗೆ ಜಿಪ್ ಹುಡುಕಿ ಕೊಡ್ತಿದ್ದೆ, ನೋಡಿರಲ್ಲ. ಸರ್ ಜೈಲ್ಸ್ ಪೆಂಬರ್ಟನ್! ಸುತ್ತ ಆರು ಕ್ಯಾಮೆರಾ. ಡೆನ್ಜಿಲ್ ಒಳಗೆ ಮಾಂಸ, ರಸ ತುಂಬಿದ ಒಂದು ಬಿಸಿ ಪೈ ಕಾಗದದ ಚೀಲದಲ್ಲಿ ಹಾಕಿ ಕೊಟ್ಟ. ಈ ಮನುಷ್ಯ ಏನು ಮಾಡಿದ ಗೊತ್ತಾ? ಬೆಳಗಿನ ಪೇಪರ್ ಸಿಗಿಸಿಕೊಂಡ ಹಾಗೆ ಕಂಕುಳಿಗೆ ಸಿಗಿಸಿಕೊಂಡ! ಸಿಗಿಸಿಕೊಂಡು ಭಾಷಣ! ರಸ ಕೋಟಿನ ಮೇಲೆ ಇಳೀತಾ ಇದೆ, ಅವನ ಜೊತೆ ಬಂದಿದ್ದ ಆ ಹುಡುಗಿ ಇಮೊಜೆನ್ ಕರವಸ್ತ್ರ ಹಿಡಿದು ಹಿಂದೆ ಹಿಂದೆ ಓಡ್ತಿದಾಳೆ. ಇವನಿಗೆ ಗೊತ್ತೇ ಇಲ್ಲ. ಡೆನ್ಜಿಲ್ ಹೇಳಿದ, ‘ಆ ಕೋಟಿನ ದುಡ್ಡಲ್ಲಿ ನನ್ನ ಅಂಗಡಿ ಪೈ ಎಲ್ಲಾ ಬರುತ್ತಿತ್ತು, ಈಗ ಒಂದು ಅದರೊಳಗೇ ಹೋಯ್ತು’ ಅಂತ.

ನೀನು ನಕ್ಕೆ! ನೋಡಿದೆ, ತುಟಿ ಅಲುಗಿತು... ಇಲ್ವಾ? ಓ, ಹಲ್ಲಲ್ಲಿ ದಾರ ಕಡೀತಿದ್ದೀಯಾ.

ಆಮೇಲೆ ನನ್ನ ಅಂಗಡಿಗೆ ಬಂದ. ಕೈ ಕುಲುಕಿದ. ನಾನಿನ್ನೂ ಬಾಯಿ ತೆರೆದಿಲ್ಲ, ‘ಹಾಲು ಒಂದು ಪೌಂಡ್ ನಲವತ್ತೈದು, ಅಲ್ಲವೇ?’ ಅಂದ. ನಾನು ಮಾರೋದು ಬಾಣಲೆ ವಿನೀ! ಬಾಣಲೆ ಮುಂದೆ ನಿಂತು ಹಾಲಿನ ರೇಟು ಒಪ್ಪಿಸ್ತಿದಾನೆ, ಮೇಷ್ಟ್ರ ಎದುರು ಮಗ್ಗಿ ಒಪ್ಪಿಸೋ ಹಾಗೆ. ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ. ‘ಹೌದು ಸ್ವಾಮಿ, ಬೆಲೆ ಸರಿಯಾಗಿದೆ’ ಅಂದೆ. ಎಷ್ಟು ಖುಷಿಯಾಯ್ತು ಗೊತ್ತಾ ಅವನಿಗೆ!

ಅದಕ್ಕಿಂತ ಮಜಾ ಕೀಲಿ ಕತೆ. ಕರೆಂಟ್ ಮೀಟರ್ ಕೀಲಿ, ನಿನ್ನದು, ಕೆಂಪು ಉಣ್ಣೆ ಕುಚ್ಚು ಕಟ್ಟಿದೀಯಲ್ಲ. ನನ್ನ ಗಲ್ಲಾ ಮೇಲಿತ್ತು. ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಎಷ್ಟು ಮುದ್ದಾಗಿದೆ, ತೋಟದ ಮನೇದಾ?’ ಅಂತಾನೆ! ತೋಟದ ಮನೆ! ಅವನಿಗೆ ನಾಲ್ಕು ಮನೆ ಅಂತೆ, ಯಾವುದರ ಕೀಲಿ ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ. ನಾನು ಬಿಡಿಸಿ ಹೇಳಿದೆ. ಸ್ವಾಮಿ, ಇದನ್ನ ಮೂಲೆ ಅಂಗಡಿಗೆ ಒಯ್ದು ಹತ್ತೋ ಇಪ್ಪತ್ತೋ ಪೌಂಡ್ ತುಂಬಿಸಿ ತರಬೇಕು, ಮನೆ ಮೀಟರ್‌ಗೆ ಚುಚ್ಚಬೇಕು, ದುಡ್ಡು ಮುಗಿದರೆ ಕರೆಂಟು ಹೋಗುತ್ತೆ ಅಂತ. ಸ್ವಲ್ಪ ಹೊತ್ತು ಯೋಚನೆ ಮಾಡಿದ. ನಿಜವಾಗಿ ಯೋಚನೆ ಮಾಡಿದ ಕಣೇ, ಹಣೆ ಗಂಟು ಹಾಕಿಕೊಂಡು. ಆಮೇಲೆ ಕೇಳಿದ: ‘ಹಾಗಾದರೆ ಮುಗಿಯೋಕೆ ಯಾಕೆ ಬಿಡ್ತೀರಿ?’

ಮುಗಿಯೋಕೆ ಯಾಕೆ ಬಿಡ್ತೀರಿ!

ನಗು ತಾಯೀ... ಇದಕ್ಕೂ ನಗಲ್ವಾ?

ಏನು? ಕೀಲಿ ನೇತುಹಾಕೋ ಕೊಕ್ಕೆ ಯಾಕೆ ನೋಡ್ತಿದ್ದೀಯಾ? ಖಾಲಿ ಇದೆ. ಕೀಲಿ ನಿನ್ನ ಹತ್ತಿರಾನೇ ಇದೆಯಲ್ಲ. ಮಂಗಳವಾರ ಬೆಳಿಗ್ಗೆ ನೀನು ಕೊಡೋದು, ಮಧ್ಯಾಹ್ನ ನನ್ನದರ ಜೊತೆ ನಿನ್ನದಕ್ಕೂ ದುಡ್ಡು ತುಂಬಿಸಿ ತರೋದು, ಸಂಜೆ ಶಟರ್ ಎಳೆಯೋ ಮುಂಚೆ ನಿನ್ನ ಕೈಗೆ ವಾಪಸ್. ಯಾವ ವಾರ ತಪ್ಪಿದ್ದೀನಿ? ಈ ಮಂಗಳವಾರ ನೀನು ಮೊಣಕಾಲು ತೋರಿಸೋಕೆ ಆಸ್ಪತ್ರೆಗೆ ಹೋದಾಗಲೂ...

ಗುರುವಾರ. ಹೌದು, ಗುರುವಾರ ಅಂದೆ. ಗುರುವಾರ ನಿನ್ನ ಕೀಲಿ ನನ್ನ ಗಲ್ಲಾ ಮೇಲೆ ಹೇಗಿತ್ತು ಅಂತಾನಾ? ಕ್ಯಾಮೆರಾ ಬಂದಿದ್ದು ಗುರುವಾರಾನೇ.

ಹಾಗೆ ನೋಡಬೇಡ ವಿನೀ. ಬಯ್ಯೋದಿದ್ರೆ ಬಯ್ಯಿ.

ಸರಿ, ಮಂಗಳವಾರಾನೂ ಬಂದಿದ್ದ. ಬಂದಿದ್ದ ಕಣೇ! ಕ್ಯಾಮೆರಾ ಇಲ್ಲದೆ, ಟೋಪಿ ಹಾಕಿಕೊಂಡು. ಅವನು, ಆ ಇಮೊಜೆನ್, ಇಬ್ಬರೇ. ದೊಡ್ಡವರು ಎಲ್ಲಾ ಹೀಗೇ ಮಾಡ್ತಾರಂತೆ, ಅವಳೇ ಹೇಳಿದಳು. ಒಬ್ಬ ಹಳೇ ವ್ಯಾಪಾರಿ ಹಿಡಿದು, ಸಾಮಾನ್ಯ ಜನರ ಜೊತೆ ಹೇಗಿರಬೇಕು ಅಂತ ತಾಲೀಮು. ಚೀಲ ಹೇಗೆ ಹಿಡೀಬೇಕು, ಚಿಲ್ಲರೆ ಹೇಗೆ ಇಸ್ಕೋಬೇಕು. ಪೈ ಬಗ್ಗೆ ಹೇಳಿಕೊಡೋದು ಮರೆತೆ, ನೋಡು ಏನಾಯ್ತು! ಅಷ್ಟೇ. ತಾಲೀಮು. ನಿನಗೆ ಹೇಳಬೇಕು ಅಂತಲೇ ಇದ್ದೆ, ನೀನು ಮೊಣಕಾಲು ನೋವು ಅಂತ ಸಪ್ಪಗಿದ್ದೆ.

ನಿನ್ನೆ ರಾತ್ರಿ ಟಿವೀಲಿ ಅವನ ಭಾಷಣಾನೂ... ಏನೋ ಸ್ವಲ್ಪ ನೋಡಿದೆ. ಕಣ್ಣು ಎಳೀತಿತ್ತು. ಭಾಷಣ ಅಂದ್ರೆ ಗೊತ್ತಲ್ಲ, ಎಲ್ಲಾ ಒಂದೇ... ಅಲ್ಲ ವಿನೀ, ಅವನು ಹೇಳಿದ ಆ ಬಿಸಿನೀರಿನ ಚೀಲ ಯಾರ ಮನೇಲಿ ಇಲ್ಲ ಹೇಳು? ಈ ಚಳಿಗಾಲ ನಾನೇ ಇನ್ನೂರು ಮಾರಿದ್ದೀನಿ. ಕೆಂಪು ಬಣ್ಣದ್ದೇ ಜಾಸ್ತಿ ಹೋಗಿದ್ದು. ಕೋಟಿನ ಒಳಗೆ ಕಟ್ಟಿಕೊಂಡು ವ್ಯಾಪಾರಕ್ಕೆ ಕೂರೋರು ಈ ಮಾರ್ಕೆಟ್ಟಲ್ಲಿ ನೀನೊಬ್ಬಳೇನಾ? ಯಾರೋ ಹೇಳಿರ್ತಾರೆ. ಡೆನ್ಜಿಲ್ ಹೇಳಿರಬಹುದು, ಅವನ ಬಾಯಿಗೆ ಬೀಗ ಎಲ್ಲಿದೆ?

...

ಭಾಷಣದಲ್ಲಿ ಬಂದ ಆ ಮೂರು ನೀಲಿ ಗುಂಡಿ.

ಹೌದು. ಆ ಬಿಸಿನೀರಿನ ಚೀಲಕ್ಕೆ ತೊಡಿಸಿದ ಉಣ್ಣೆ ಅಂಗಿಗೆ ನೀನು ಹೊಲಿದ ಮೂರು ನೀಲಿ ಗುಂಡಿ ಡೆನ್ಜಿಲ್‌ಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಕೋಟು ಬಿಚ್ಚಿ ನನಗೆ ತೋರಿಸಿದ್ದೆ ನೀನು, ಕ್ರಿಸ್‌ಮಸ್ ಹಿಂದಿನ ದಿನ. ‘ನೋಡೋ, ಮಂತ್ರಿ ಕೋಟಿಗೂ ಇಂಥ ಗುಂಡಿ ಇರಲ್ಲ’ ಅಂತ ಇಬ್ಬರೂ ನಕ್ಕಿದ್ವಿ.

ಹೆಸರು ಹೇಳಬೇಡಿ ಅಂದಿದ್ದೆ ವಿನೀ! ಮಾರ್ಕೆಟ್ಟಿನ ಒಬ್ಬ ಹೆಂಗಸು ಅನ್ನಿ ಸಾಕು, ಉಣ್ಣೆ ಮಾರೋಳು ಅಂತ ಕೂಡ ಅನ್ನಬೇಡಿ ಅಂದಿದ್ದೆ...

ಹೇಳಿಬಿಟ್ಟೆ. ಆಯ್ತು. ನೀನು ಒಂದು ಮಾತೂ ಆಡದೆ ನನ್ನ ಬಾಯಿಂದಲೇ ಹೇಳಿಸಿದೆ. ವ್ಯಾಪಾರಕ್ಕೆ ನಿನ್ನಂಥೋಳು ಬೇಕು.

ಕೇಳು. ಆ ಹುಡುಗಿ ಏನು ಕೇಳಿದಳು ಗೊತ್ತಾ? ‘ಒಬ್ಬ ನಿಜವಾದ ಮನುಷ್ಯ ಬೇಕು ಮಿಸ್ಟರ್ ಬಾರ್ಲೋ, ಮನಸ್ಸಲ್ಲಿ ನಿಲ್ಲೋ ಒಂದು ಸಣ್ಣ ವಿಷಯ ಬೇಕು’ ಅಂದಳು. ನಾನು ಮೊದಲು ನನ್ನದೇ ಹೇಳಿದೆ. ಆಣೆ ಕಣೇ, ನನ್ನದೇ ಮೊದಲು ಹೇಳಿದ್ದು. ಎನಿಡ್ ಹೋದಮೇಲೆ ತಟ್ಟೆ ತೆಗೆಯೋದೇ ಬಿಟ್ಟಿದ್ದೀನಿ, ಸಿಂಕಿನ ಹತ್ತಿರ ನಿಂತು ಡಬ್ಬದಿಂದಲೇ ಬೀನ್ಸ್ ತಿಂತೀನಿ, ರೇಡಿಯೋ ಆರಿಸಿದ್ರೆ ಮನೆ ಇನ್ನೊಬ್ಬರದು ಅನ್ನಿಸುತ್ತೆ ಅಂತೆಲ್ಲಾ. ಬರೆದುಕೊಂಡಳು. ಆಮೇಲೆ ನನ್ನ ಕಣ್ಣೆದುರೇ ಗೀಟು ಹಾಕಿ ಹೊಡೆದುಹಾಕಿದಳು. ‘ಇದು ಬೇಜಾರಿನ ವಿಷಯ, ಜನ ಚಾನೆಲ್ ಬದಲಾಯಿಸಿಬಿಡ್ತಾರೆ. ಧೈರ್ಯದ್ದು ಏನಾದರೂ?’ ಅಂದಳು.

ನನ್ನ ಸರಕು ಹೋಗಲಿಲ್ಲ ವಿನೀ. ನಿನ್ನ ಸರಕು ತೋರಿಸಿದೆ.

ಮತ್ತೆ ಅವನು... ಒಂದು ಗಂಟೆ ಕೂತು ಕೇಳಿದ ಕಣೇ. ಮೊಣಕೈ ಗಲ್ಲಾ ಮೇಲೆ ಊರಿಕೊಂಡು. ಎನಿಡ್ ಹೋದ ಈ ಆರು ವರ್ಷದಲ್ಲಿ ನನ್ನ ಮುಂದೆ ಒಂದು ಗಂಟೆ ಕೂತು ಕೇಳಿದವರು ಯಾರಿದ್ದಾರೆ? ನೀನು ಬಿಟ್ಟು. ಸರಿ, ನೀನು ಬಿಟ್ಟು.

ಹಾಗೆ ಹೇಳ್ತಾನೆ ಅಂತ ನನಗೇನು ಗೊತ್ತು? ಪಾಪದ ಹೆಂಗಸು, ಸರ್ಕಾರ ನೋಡ್ಕೋಬೇಕು ಅಂತಾನೆ ಅಂದ್ಕೊಂಡೆ. ಇವನು ‘ಆಕೆ ಯಾರ ಹತ್ತಿರವೂ ಕೈ ಚಾಚುವುದಿಲ್ಲ, ಹೀಟರ್ ಬೇಕೆಂದೂ ಅನ್ನಿಸುವುದಿಲ್ಲ’ ಅಂದ! ಅನ್ನಿಸುವುದಿಲ್ಲವಂತೆ! ಅವನಿಗೆ ಚಳಿ ಅಂದ್ರೆ ರಜೆಯಲ್ಲಿ ದುಡ್ಡು ಕೊಟ್ಟು ಬೆಟ್ಟ ಹತ್ತಿ ಅನುಭವಿಸೋ ವಸ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ನಿಲ್ಲೋ ಮುಂಚೆ ವಯಸ್ಸಾದವರ ಚಳಿಗಾಲದ ಸಹಾಯಧನ ನಿಲ್ಲಿಸಿದ್ದೀವಿ ಅಂತ ಹೇಳಿ ಮುಗಿಸಿದ. ನಿನ್ನದೂ ಹೋಯ್ತು, ನನ್ನದೂ ಹೋಯ್ತು. ನನ್ನದೂ ಹೋಯ್ತಲ್ಲ ವಿನೀ?

ಆದ್ರೂ ಭಾನುವಾರದ್ದು ಹೇಳಬಾರದಿತ್ತು ಅವನು. ಮಗಳು ಗ್ಲೆನಿಸ್ ಬರೋ ಭಾನುವಾರ ಮಾತ್ರ ಹೀಟರ್ ಹಾಕ್ತೀಯ ಅನ್ನೋದು.

ಅಂದ್ರೆ... ನಾನು ಹೇಳಬಾರದಿತ್ತು.

ಗ್ಲೆನಿಸ್ ನೋಡಿದಳಾ? ಫೋನ್ ಮಾಡಿದಳಾ? ಗುಂಡಿ ಕೇಳಿದ ಕೂಡಲೇ ಅವಳಿಗೆ ಗೊತ್ತಾಗಿರುತ್ತೆ, ಅವಳ ಚಿಕ್ಕಂದಿನ ಕೋಟಿನದಲ್ವಾ ಅವು. ಅತ್ತಳಾ? ಏನಂದಳು?

ವಿನೀ, ನೀನು ಎಣಿಸ್ತಾ ಇಲ್ಲ. ಪೆಟ್ಟಿಗೆಗೆ ತುಂಬ್ತಿದ್ದೀಯಾ. ಉಣ್ಣೆ, ಹೆಣಿಗೆ ಕಡ್ಡಿ, ಗುಂಡಿ ಡಬ್ಬ ಎಲ್ಲಾ... ಆ ಹಲಗೆ ಮೇಲೆ ಏನು ಬರೆದಿದ್ದೀಯಾ? ತಿರುಗಿಸು ಸ್ವಲ್ಪ. ‘ಅಂಗಡಿ ಮುಚ್ಚುತ್ತಿದೆ. ಎಲ್ಲವೂ ಅರ್ಧ ಬೆಲೆ.’

ಮಗಳ ಮನೆಗೆ ಹೋಗ್ತೀಯಾ? ‘ಅವಳ ಮನೆ ಮೂಲೇಲಿ ಸ್ಟೂಲ್ ಥರ ಕೂರೋಕಿಂತ ಇಲ್ಲಿ ಚಳೀಲಿ ನಡುಗೋದೇ ವಾಸಿ’ ಅಂತಿದ್ದೋಳು ನೀನು! ಅದಕ್ಕೇ ತಾನೇ ಭಾನುವಾರ ಹೀಟರ್ ಹಾಕಿ, ಕೆನ್ನೆ ಉಜ್ಜಿಕೊಂಡು ಕೆಂಪಗೆ ಮಾಡಿಕೊಂಡು ಕೂರ್ತಿದ್ದದ್ದು? ನೀನು ಬೆಚ್ಚಗಿದ್ದೀಯ ಅಂತ ಅವಳು ನಂಬಿದ್ದಕ್ಕೇ ತಾನೇ ಈ ಅಂಗಡಿ ಇಷ್ಟು ದಿನ ನಡೆದದ್ದು...

ಹೊಸ ಮಾರ್ಕೆಟ್ಟಲ್ಲಿ ನಿನಗೂ ಜಾಗ ಕೇಳಿದೆ ಗೊತ್ತಾ. ಆ ಹುಡುಗಿ ನನ್ನ ಜಾಗಕ್ಕೆ ಅಂತ ನಗರಸಭೆಗೆ ಫೋನ್ ಮಾಡುವಾಗಲೇ, ನಮ್ಮ ಪಕ್ಕದ ವಿನೀಗೂ ಒಂದು...

ಕೇಳಲಿಲ್ಲ. ಕೇಳಬೇಕು ಅಂತ ಇದ್ದೆ. ಎರಡು ಕೇಳಿದ್ರೆ ಒಂದೂ ಸಿಗಲ್ಲ ಅಂತ ಭಯ ಆಯ್ತು. ಯಾವ ಚೌಕಾಶೀಲೂ ಹಾಗೇ ತಾನೇ? ನೀನಾಗಿದ್ರೂ... ಇಲ್ಲ. ನೀನಾಗಿದ್ರೆ ಕೇಳ್ತಿದ್ದೆ.

ಒಂದ್ಸಲ ಉಗಿಯೇ. ನಾಲ್ಕು ಜನ ಕೇಳೋ ಹಾಗೆ ಉಗಿ. ಡೆನ್ಜಿಲ್ ಬಂದು ನಗಲಿ. ಸುಮ್ಮನೆ ಮಾತ್ರ ಇರಬೇಡ, ಮನೇಲಿ ಬೇಕಾದಷ್ಟಿದೆ ಅದು.

ಏನದು ಕೈಯಲ್ಲಿ?

ಟೀ ಮಾಡಿದ್ಯಾ! ನನಗೆ ಗೊತ್ತಿತ್ತು ಕಣೇ, ನೀನು ಎಷ್ಟೇ...

ಖಾಲಿ ಇದೆ.

ನನ್ನ ಟೀ ಕಪ್. ಹಿಡಿ ಹತ್ತಿರ ಚಕ್ಕೆ ಎದ್ದದ್ದು. ನಿನ್ನ ಕೆಟಲ್ ಪಕ್ಕ ಬಿಟ್ಟು ಇನ್ನೆಲ್ಲೂ ಇರಲಿಲ್ಲ ಇದು. ತೊಳೆದಿದ್ದೀಯಾ. ಹನ್ನೊಂದು ವರ್ಷದ ಟೀ ಕರೆ, ಒಂದು ಚೂರೂ ಇಲ್ಲದ ಹಾಗೆ ಉಜ್ಜಿದ್ದೀಯಾ. ಇದರ ತಳ ಬಿಳಿ ಅಂತ ನನಗೆ ಗೊತ್ತೇ ಇರಲಿಲ್ಲ.

ಶಟರ್ ಯಾಕೆ ಎಳೀತಿದ್ದೀಯಾ? ಇನ್ನೂ ಹನ್ನೊಂದಾಗಿಲ್ಲ, ಶನಿವಾರ, ಗಿರಾಕಿ ಬರೋ ಹೊತ್ತು... ಪೂರ್ತಿ ಎಳೀಬೇಡ, ಬಗ್ಗಬೇಡ, ಮೊಣಕಾಲು! ಇರು, ನಾನು ಎಳೆದು ಕೊಡ್ತೀನಿ.

ಮಂಗಳವಾರ ಕೀಲಿ ಕೊಡ್ತೀಯಲ್ಲ? ಎಲ್ಲಿದ್ರೂ ಬಂದು ಇಸ್ಕೊಂಡು ಹೋಗ್ತೀನಿ. ಗ್ಲೆನಿಸ್ ಮನೇಲಿ ಕೀಲಿ ಮೀಟರ್ ಇದೆಯಾ? ವಿನೀ?

...

ಸರಿ.

ಬಾಗಿಲ ಮೂಲೆ. ಐದು ವರ್ಷ. ಹಳೇ ಬಾಡಿಗೆ. ಅದರ ಮೇಲೆ ನನಗೆ ಸಿಕ್ಕಿದ್ದು... ತೊಳೆದ ಟೀ ಕಪ್, ಒಂದು.