ವಂಶವೃಕ್ಷದ ಖಾಲಿ ಚೌಕ

ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡುವ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕ ತಮ್ಮ ಕೂತಿದ್ದರು. ಅಕ್ಕ ವಿಜ್ಞಾನಿ ಎಂಬುದು ಅವರ ಮಾತಿನಿಂದ ತಿಳಿಯಿತು. ಅವಳು ಬರೆದ ಲೇಖನದ ಪ್ರತಿ ತಮ್ಮನ ತೊಡೆಯ ಮೇಲಿತ್ತು; ಅವರ ಮನೆತನದ ವಂಶವೃಕ್ಷದ ಚಿತ್ರವಿದ್ದ ಹಾಳೆ ಅವನ ಕೈಯಲ್ಲಿತ್ತು.

“ಈ ಚಿತ್ರದಲ್ಲಿ ಅಮ್ಮ ಯಾವುದು?”

“ಆ ಕಪ್ಪು ವೃತ್ತ. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ಕಾಯಿಲೆ ಇದ್ದೋರಿಗೆ ಕಪ್ಪು ಬಳೀತೀವಿ.”

“ಪಕ್ಕದ ಕಪ್ಪು ಚೌಕ ದೊಡ್ಡಮಾವ. ಕೆಳಗಿನ ಖಾಲಿ ಚೌಕ ನಾನು.”

“ಹೂಂ.”

“ಆ ಕಾಯಿಲೆ ತರೋ ಜೀನು ಸಿಕ್ಕಿದ್ದು ಅಮ್ಮನ ರಕ್ತದಲ್ಲೇ ಅಲ್ವಾ?”

“ಮೊದಲು ಅಮ್ಮನ ರಕ್ತದಲ್ಲಿ. ಆಮೇಲೆ ನಲವತ್ತು ಮನೆತನದಲ್ಲಿ ಹುಡುಕಿದೆ. ಅರವತ್ತೆರಡು ಲೇಖನ ಆಯ್ತು.”

“ಔಷಧಿ?”

“ಇಲ್ಲ ಕಣೋ.”

ಅವನು ಹಾಳೆಯನ್ನು ನಿಧಾನವಾಗಿ ಮಡಿಸಿದ.

“ನನ್ನ ಪಕ್ಕದ ಖಾಲಿ ವೃತ್ತ ನೀನು. ನಿಂದು ನೋಡ್ಕೊಂಡ್ಯಾ?”

“ನನ್ನ ರಕ್ತ ಹನ್ನೊಂದು ವರ್ಷದಿಂದ ಲ್ಯಾಬಿನ ಫ್ರೀಜರಲ್ಲಿದೆ. ಎಲ್ಲರದ್ದೂ ನೋಡಿದೆ. ಅದನ್ನ ಮಾತ್ರ ತೆಗೀಲಿಲ್ಲ.”

“ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇದೇ. ಮತ್ತೆ ನನಗ್ಯಾಕೆ ಪರೀಕ್ಷೆ ಮಾಡಿಸ್ಕೋ ಅಂದೆ?”

“ನಿನ್ನ ಹೆಂಡತಿ ಬಸುರಿ. ನಿನಗಿದ್ರೆ ಮಗೂಗೂ ಬರಬಹುದು. ನಿನಗೆ ಗೊತ್ತಿರಬೇಕು.”

“ನನಗೆ ಮಾತ್ರಾನಾ?”

ನರ್ಸ್ ಬಾಗಿಲಿಗೆ ಬಂದು ಅವನ ಸಂಖ್ಯೆ ಕರೆದಳು. ಅವನು ಎದ್ದ.

“ನೀನೂ ಬಾ ಅಕ್ಕ.”

“ಬರ್ತೀನಿ. ಜೊತೆಗೆ ಕೂತಿರ್ತೀನಿ.”

“ಕೂರೋಕಲ್ಲ. ನಿಂದೂ ಕೊಡು.”

ಅವಳು ಎದ್ದು, ತೋಳಿನ ಗುಂಡಿ ಬಿಚ್ಚುತ್ತಾ ಅವನ ಹಿಂದೆ ಒಳಗೆ ಹೋದಳು.